ಮಳೆ ಬಂದರೆ ಛತ್ರಿ ಮುಚ್ಚುವವರು

ಬಿಸಿಲಿಗೆ ಛತ್ರಿ ಬಿಚ್ಚಿ, ಮಳೆ ಬಂದ ಕೂಡಲೇ ಮುಚ್ಚುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಸುಗಟೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು. ವಾಸ ನಮ್ಮ ಮನೆಯಲ್ಲಿ, ಊಟ ಅವರ ಅಕ್ಕನ, ಅಂದರೆ ನಮ್ಮಮ್ಮನ, ಕೈಯ ಮುದ್ದೆ. ಮಳೆಗೆ ಊರೆಲ್ಲ ಸೂರು ಹುಡುಕಿದರೆ, ಇವರು ಮುಚ್ಚಿದ ಛತ್ರಿಯನ್ನು ಊರಿಕೊಂಡು ಹರಿಯುವ ನೀರಿನ ಹಿಂದೆ ಹೊರಟುಬಿಡುತ್ತಿದ್ದರು. "ಛತ್ರಿ ಕೆಳಗಿದ್ರೆ ನೀರು ಎಲ್ಲಿಂದ ಬರ್ತದೆ ಅಂತ ಹೆಂಗೋ ಕಾಣೋದು?" ಎನ್ನುವುದು ಅವರ ತರ್ಕ. ತಪ್ಪು ಹುಡುಕಿ ನೋಡೋಣ!

ಅವರಿಗೆಂದು ಮುಳಬಾಗಿಲಿಗೆ ಹೆಣ್ಣು ನೋಡಲು ಹೋದಾಗಲೂ ಮಳೆ ಬಂತು. ಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಮಾಯ. ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದವರು ಹೆಣ್ಣಿನ ತಂದೆಗೆ, ನಿಮ್ಮ ಸೂರಿನ ನೀರು ಕೆರೆಗೆ ಹೋಗದೆ ಪಕ್ಕದ ಮನೆಯ ತಿಪ್ಪೆ ಸೇರುತ್ತಿದೆ ಎಂದು ವರದಿ ಒಪ್ಪಿಸಿದರು. ಆತ ತೆಲುಗಿನಲ್ಲಿ, ಇವನಿಗೇನು ಹುಚ್ಚೇ ಎಂದು ಕೇಳಿದರಂತೆ. ಸಂಬಂಧ ಮುರಿಯಿತು. ಆದರೆ ಮುಂದಿನ ವಾರ ಅವರೇ ನಮ್ಮ ಬಾಗಿಲಿಗೆ ಬಂದರು. ಹೆಣ್ಣು ಕೊಡಲಿಕ್ಕಲ್ಲ, ಮೋರಿ ಎತ್ತ ತಿರುಗಿಸಬೇಕು ಎಂದು ಕೇಳಲಿಕ್ಕೆ!

ಎಂಬತ್ತರ ದಶಕದ ಆರಂಭವಿರಬೇಕು. ಇಂಥ ವಿಷಯಗಳಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮಕ್ಕಳಿಗೆ ಕೆರೆ, ಕಾಲುವೆಗಳ ಪಾಠ ಹೇಳಿ, ಕೈಲಾದಷ್ಟು ದುರಸ್ತಿ ಮಾಡಲೆಂದು ಕೋಲಾರದ ಒಂದು ಸಂಸ್ಥೆಯವರು ಶಾಲೆಗೆ ಸಣ್ಣ ಅನುದಾನ ಕೊಟ್ಟರು. ಗೋಡೆಗೆ ಸುಣ್ಣ ಹೊಡೆಸಿ, ದೊಡ್ಡದೊಂದು ಬೋರ್ಡು ಹಾಕಿಸೋಣ ಎಂದರು ಊರ ಹಿರಿಯರು. ಮಾವ ಗುದ್ದಲಿ, ಬಾಂಡ್ಲಿ ತಂದರು.

ಮೊದಲು ಶಾಲೆಯಂಗಳದಲ್ಲೇ ಊರು ಎದ್ದಿತು. ಮಣ್ಣಿನ ಗುಡ್ಡ, ಅಂಗೈಯಗಲದ ಕೆರೆ, ನಡುವೆ ಮಾಲೂರು ಇಟ್ಟಿಗೆಯ ಚೂರು ಜೋಡಿಸಿದ ಕಾಲುವೆ, ಬೆಂಕಿಪೊಟ್ಟಣದ ಶಾಲೆ. ಸಂಸ್ಥೆಯವರು ಬಂದ ದಿನ ನನ್ನ ತಂಗಿ ಗುಡ್ಡದ ಮೇಲೆ ಬಿಂದಿಗೆ ನೀರು ಸುರಿದಳು. ನೀರು ಗಂಭೀರವಾಗಿ ಕಾಲುವೆಗಿಳಿಯಿತು. ನಡುದಾರಿಯಲ್ಲಿ ನೆಟ್ಟಿದ್ದ ಹಿಪ್ಪುನೇರಳೆ ಕಡ್ಡಿಗಳಿಗೆ ಬಡಿದು, ಹೊರಳಿ, ಶಾಲೆಯನ್ನೇ ತೇಲಿಸಿಕೊಂಡು ಹೋಯಿತು! ಕೆರೆಗೆ ತೊಟ್ಟೂ ಬೀಳಲಿಲ್ಲ.

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನಮ್ಮಪ್ಪನ ಕಡೆ ನೋಡಿದರು. ಗುಡ್ಡದಿಂದ ಕೆರೆಗಿದ್ದ ನಿಜವಾದ ಕಾಲುವೆ ತಾನಾಗಿಯೇ ಮುಚ್ಚಿಹೋಯಿತು ಎಂದು ಊರು ನಂಬಿದಂತೆ ನಟಿಸುತ್ತಿತ್ತು. ಅದರ ಮೇಲೆ ಹಿಪ್ಪುನೇರಳೆ ಬೆಳೆದಿದ್ದು ಅಪ್ಪ.

"ಅದು ಯಾರ ತೋಟ ಮೇಷ್ಟ್ರೇ?" ಬಂದವರು ಕೇಳಿದರು.

"ನಮ್ಮದೇ ಸಾರ್," ಎಂದರು ಮಾವ. "ನಾನು ದಿನಾ ಉಣ್ಣೋ ಮನೇದು."

ಅಪ್ಪ ಎದ್ದು ಹೋದರು. ಅಂದಿನಿಂದ ಭಾವ ಭಾವಮೈದ ಒಟ್ಟಿಗೆ ಉಣ್ಣಲಿಲ್ಲ. ಒಬ್ಬರಿಗೆ ಬಡಿಸಿ, ಅವರು ಕೈ ತೊಳೆದ ಮೇಲೆ ಇನ್ನೊಬ್ಬರನ್ನು ಕರೆಯುವುದು ಅಮ್ಮನ ಪಾಲಿಗೆ ಬಂತು. ನಡುವೆ ಅವಳು ಒಲೆಯ ಮುಂದೆ ಮುದ್ದೆ ಆರದಂತೆ ನೋಡಿಕೊಂಡು ಕೂತಿರುತ್ತಿದ್ದಳು. ಮಾವ ಬೇರೆ ಮನೆ ನೋಡುತ್ತೇನೆಂದಾಗ, ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಮಾವ ಮಾತ್ರ ಶನಿವಾರದ ಮಧ್ಯಾಹ್ನಗಳಲ್ಲಿ ಮಕ್ಕಳನ್ನು, ಬಂದಷ್ಟು ತಂದೆತಾಯಿಯರನ್ನು ಕಟ್ಟಿಕೊಂಡು ಕೆರೆಯಿಂದ ಮೇಲಕ್ಕೆ ಕಾಲುವೆ ಅಗೆಸಿದರು. ಅಪ್ಪನ ಬೇಲಿ ಮುಟ್ಟಿದ ದಿನ ಗುದ್ದಲಿ ಕೆಳಗಿಡಿಸಿದರು. "ಇಲ್ಲಿಂದಾಚೆಗೆ ಭಾವನೇ ಕರೀಬೇಕು," ಎಂದರು.

ಮಳೆ ಬಂತು. ಮಾವ ಛತ್ರಿ ಮುಚ್ಚಿ ಹೊರಟರು. ನಾನೂ ತಂಗಿಯೂ ಹಿಂದೆ ಹೋದೆವು. ಗುಡ್ಡದ ನೀರು ತೋಟದ ಮೇಲ್ಬದಿಗೆ ಬಂದು ದಾರಿ ಕಾಣದೆ ಸುತ್ತುತ್ತಿತ್ತು. ಬೇಲಿಯ ಈಚೆ, ಅಗೆದ ಕಾಲುವೆ ಬರಿದಾಗಿ ಕಾದಿತ್ತು. ಹೆಗಲ ಮೇಲೆ ಗುದ್ದಲಿ ಹೊತ್ತು ಅಪ್ಪ ಬಂದರು. ನೀರು ಸುತ್ತುವ ಕಡೆ ಹೋಗಿ ನೋಡಿದರು. ಆಮೇಲೆ ಮಾವನ ಕೈಯಿಂದ ಛತ್ರಿ ಕಿತ್ತುಕೊಂಡು ಬಿಚ್ಚಿ, ಅವರ ತಲೆಯ ಮೇಲೆ ಹಿಡಿದರು.

"ನೆಂದು ಜ್ವರ ಬಂದ್ರೆ ನಿಮ್ಮಕ್ಕ ನನ್ನ ಬಿಡ್ತಾಳೇನಯ್ಯಾ? ಎಲ್ಲಿಂದ ಅಗೀಬೇಕು, ತೋರ್ಸು."

ಮಾವ ಮಳೆಯಲ್ಲಿ ಛತ್ರಿಯ ಕೆಳಗೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದು ಛತ್ರಿಯಲ್ಲ, ಅಪ್ಪನ ಗೋಣಿಚೀಲ ಎನ್ನುತ್ತಾಳೆ ತಂಗಿ. ಇರಬಹುದು. ಹಿಡಿದದ್ದು ಏನೇ ಆಗಿರಲಿ, ಅಪ್ಪನ ಅರ್ಧ ಮೈ ಹೊರಗೇ ನೆನೆಯುತ್ತಿತ್ತು ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.