ಆಂಟಾಪ್ ಹಿಲ್‌ನ ಹದಿನಾರು ಆದರ್ಶ ತಾಯಂದಿರನ್ನು ಹಿಂಪಡೆಯುವ ಬಗ್ಗೆ

ಬಾಂದ್ರಾದಲ್ಲಿ ಕಚೇರಿಯುಳ್ಳ, ಯಾವ ಮಂತ್ರಿಗೂ ಯಾವ ಹಾಲುಪುಡಿ ಕಂಪನಿಗೂ ತಲೆಬಾಗದ, ಲಾಭದ ಆಸೆಯಿಲ್ಲದ ತಾಯಿ-ಮಗು ಅಧ್ಯಯನ ಸಂಸ್ಥೆಯ ನಿರ್ದೇಶಕರಿಗೆ, ಐದು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚದ ತಾಯಿಯೊಬ್ಬಳ ಸವಿನಯ ನಮಸ್ಕಾರಗಳು.

ಮಾನ್ಯರೇ,

ಒಂದು ಕೈಯಲ್ಲಿ ಮಗಳು ಹರಿಣಿಯನ್ನು ತಟ್ಟುತ್ತಾ ತಮ್ಮ ವರದಿಯನ್ನು ಮೊಬೈಲಿನಲ್ಲಿ ಪೂರ್ತಿ ಓದಿದೆ. ನಮ್ಮ ಕಾಲೋನಿಯ ಕನ್ನಡ ತಾಯಂದಿರು ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಡುವುದಿಲ್ಲ, ದಿನಕ್ಕೆ ಏಳು ಗಂಟೆ ನಿದ್ರಿಸುತ್ತಾರೆ, ಯಾವುದಕ್ಕೂ ಗಾಬರಿಪಡುವುದಿಲ್ಲ ಎಂಬ ಭಾಗಕ್ಕೆ ಬಂದಾಗ, ಇಂಥವರ ನೆರೆಯಲ್ಲಿ ನನಗೂ ಒಂದು ಮನೆ ಸಿಗಬಾರದೇ ಎನ್ನಿಸಿತು. ಆಮೇಲೆ ನೆನಪಾಯಿತು, ಅವರನ್ನೆಲ್ಲ ಹೆತ್ತವಳು ನಾನೇ.

ತಮ್ಮ ಸಮೀಕ್ಷಕಿಗೆ ಕನ್ನಡ ಬಾರದು, ಊರಿಂದ ಹೊಸದಾಗಿ ಬಂದ ನಮ್ಮ ಬಿಲ್ಡಿಂಗಿನ ಹೆಂಗಸರಿಗೆ ಹಿಂದಿ ಸಾಲದು, ಬಿ.ಎಸ್ಸಿ. ಓದಿದವಳೆಂದು ನಾನೇ ಮುಂದೆ ಬಿದ್ದು ದುಭಾಷಿಯಾದೆ. ಎರಡನೇ ಮಾಳಿಗೆಯ ಬಸಲಿಂಗವ್ವ, ಕಟ್ಟಡ ಕೆಲಸಕ್ಕೆ ಹೋಗುವವಳು, “ಹಾಲು ಸಾಲಂಗಿಲ್ರೀ ಅಕ್ಕಾರ, ಬಿಸ್ಕೀಟ್ ನೀರಾಗ ನೆನಸಿ ತಿನಸ್ತೀನಿ” ಎಂದಳು. ಹೊರಗಿನವರೆದುರು ನಮ್ಮವರ ಮರ್ಯಾದೆ ಹೋದೀತೆಂದು ನಾನದನ್ನು “ಎದೆಹಾಲು ಮಾತ್ರ” ಎಂದು ಹಿಂದಿಗೆ ತಂದೆ. ಒಮ್ಮೆ ಬಾಯಿಗೆ ಬಂದದ್ದು ಮುಂದೆ ಎಲ್ಲ ಮನೆಗೂ ಒದಗಿತು. ಹದಿನಾರು ಬಾಗಿಲಿಗೂ ಒಂದೇ ಪಠ್ಯಪುಸ್ತಕದ ಉತ್ತರ. ನನ್ನ ಸರದಿ ಬಂದಾಗ, ಅಕ್ಕಿ ಡಬ್ಬದ ಪಕ್ಕದ ಹಾಲುಪುಡಿ ಟಿನ್ನು ಕಾಣದಂತೆ ಅಡ್ಡ ನಿಂತು, ಆಕಳಿಸುತ್ತಲೇ, ಏಳು ಗಂಟೆ ನಿದ್ರೆ ಎಂದೆ. ಆಕೆ ಬರೆದುಕೊಂಡಳು.

ತಮ್ಮಂಥ ಸ್ವತಂತ್ರರ ಮಾತನ್ನು ಸರಕಾರ ಇಷ್ಟು ಬೇಗ ಕೇಳುತ್ತದೆಂದು ಯಾರು ಕಂಡಿದ್ದರು! ಇಲ್ಲಿ ಸಲಹೆಗಾರರು ಬೇಡ, ಬೇಕಾದ ಕಡೆಗೆ ಕಳಿಸಿ ಎಂದು ತಾವು ಬರೆದಿರಿ. ಪ್ರತಿ ಮಂಗಳವಾರ ನಮ್ಮ ದವಾಖಾನೆಯಲ್ಲಿ ಕೂತು ಹಾಲೂಡಿಸುವುದನ್ನು ಹೇಳಿಕೊಡುತ್ತಿದ್ದ ನೀಲಾಬಾಯಿ ಸಿಸ್ಟರ್ ಬರುವ ತಿಂಗಳಿನಿಂದ ಬರುವುದಿಲ್ಲವಂತೆ. ಹರಿಣಿಯ ತೂಕ ಐದು ವಾರದಿಂದ ಏರಿಲ್ಲ. ಸಿಸ್ಟರ್ ಮುಂದಿನ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುತ್ತಿದ್ದವಳು ನಾನು. ನನ್ನ ಹಿಂದೆ ಬಸಲಿಂಗವ್ವ.

ಆದ್ದರಿಂದ ಆ ಹದಿನಾರು ಆದರ್ಶ ತಾಯಂದಿರನ್ನು ವರದಿಯಿಂದ ಇಳಿಸಿ, ಆ ಜಾಗದಲ್ಲಿ ನಮ್ಮನ್ನು ಕೂರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅದಾಗದಿದ್ದರೆ ಅವರನ್ನೇ ನಮ್ಮ ಮನೆಗಳಿಗೆ ಕಳಿಸಿಕೊಡಿ. ಮಕ್ಕಳನ್ನು ಅವರು ನೋಡಿಕೊಳ್ಳಲಿ, ನಾವು ಸ್ವಲ್ಪ ಮಲಗುತ್ತೇವೆ. ಸಿಸ್ಟರ್ ಹೋಗುವ ಮೊದಲು ಇನ್ನೊಮ್ಮೆ ಬಂದು ಕೇಳಿ, ಆದರೆ ಕನ್ನಡ ಬಲ್ಲವರನ್ನು ಕರೆತನ್ನಿ. ಓದಿದವಳೊಬ್ಬಳು ಸಹಾಯಕ್ಕೆಂದು ಎದುರು ಬಂದರೆ, ದಯವಿಟ್ಟು ಅವಳಿಗೊಂದು ಕುರ್ಚಿ ಕೊಟ್ಟು ಹೊರಗೆ ಕೂರಿಸಿ. ಅಲ್ಲೇ ನಿದ್ದೆ ಹೋಗುತ್ತಾಳೆ.

ಇನ್ನು ವಿಶ್ವಾಸವಿಡಬಾರದ,
ಆದರೂ ತಮ್ಮ ವಿಶ್ವಾಸಿ,
ವಿಜೇತಾ

ತಾ.ಕ.: ಈ ಪತ್ರವನ್ನು ಬಸಲಿಂಗವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಇದರಾಗರ ನಾ ಅಂದದ್ದ ಬರದೀರೋ, ಇಲ್ಲಾ ಇಲ್ಲೂ ನನ್ನ ಶಾಣ್ಯಾಕಿ ಮಾಡೀರೋ?” ಎಂದಳು. ತಮ್ಮ ನಲವತ್ತೆರಡು ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ.