ಮೂರನೆಯ ‘ಸಾಕು’

ನಮ್ಮ ಮಾವ ಮನುಷ್ಯರನ್ನು ಸ್ವಲ್ಪ ದೊಡ್ಡ ಗಾತ್ರದ ರೇಷ್ಮೆ ಹುಳುಗಳೆಂದು ತಿಳಿದಿದ್ದಾರೆ. ಇದು ಆರೋಪವಲ್ಲ, ದಾಖಲೆ. ನಾನು ವಾರ, ತಾರೀಖು ಹಾಕದೆ ದಿನಚರಿಯಲ್ಲಿ ಒಂದು ಸಾಲೂ ಬರೆಯುವವಳಲ್ಲ. ಹೋದ ತಿಂಗಳೊಂದರಲ್ಲೇ ಅವರು ನಮ್ಮನ್ನು ಹುಳುವಿಗೆ ಹೋಲಿಸಿದ್ದು ಮೂವತ್ತೊಂದು ಸಲ. ಅದರಲ್ಲಿ ಹೊಗಳಿಕೆ ನಾಲ್ಕು. ನಾಲ್ಕೂ ಹುಳುವಿಗೇ ಸಂದವು.

ಮಾವ ಎಂದರೆ ಅಮ್ಮನ ತಮ್ಮ. ಸುಗಟೂರಿನಲ್ಲಿ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಹುಳುವಿನ ಮನೆ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗ ಅಮ್ಮ ಮಾಲೂರಿನಿಂದ ನನ್ನನ್ನು ಇಲ್ಲಿಗೆ ಕಳಿಸಿದಳು. ಇಲ್ಲಿಂದಲೇ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯಲ್ಲಿ ಮಾವ, ಅವರ ಮಗ ಮಂಜು, ಮಗಳು ಕಾವ್ಯ, ನಾನು. ನಮ್ಮ ಮೂವರ ವಯಸ್ಸು ಕ್ರಮವಾಗಿ ಹದಿನಾರು, ಹದಿನಾಲ್ಕು, ಹತ್ತೊಂಬತ್ತು. ಮಾವ ಮಾತ್ರ ಆಯಾ ದಿನದ ಹವಾಮಾನಕ್ಕೆ ತಕ್ಕ ವಯಸ್ಸಿನಲ್ಲಿರುತ್ತಾರೆ.

ಗಲಾಟೆ ಶುರುವಾದದ್ದು ಒಂದು ಗುರುವಾರ. ಅತ್ತೆಯ ಅಣ್ಣ, ಅಂದರೆ ಮುಳಬಾಗಿಲಿನ ದೊಡ್ಡಮಾವ, ಯಾವುದೋ ಕೆಲಸಕ್ಕೆ ನಮ್ಮೂರಿಗೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಹಾಗೇ ವಾಪಸಾದರೆಂದು ಸುದ್ದಿ ಬಂತು. ಅತ್ತೆ ಹೋದ ಮೇಲೆ ಇದು ಐದನೆಯ ಸಲ. ಮಾವ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

“ಹೆಣ್ಣು ದಿಕ್ಕಿಲ್ಲದ ಮನೆ ಬಾವಾ. ಪಾಪಂ, ಮಕ್ಕಳಿಗ್ಯಾಕೆ ತೊಂದ್ರೆ ಅಂತ” ಎಂದರು ದೊಡ್ಡಮಾವ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ನಾನು, ಕಾವ್ಯ ಮುಖ ಮುಖ ನೋಡಿಕೊಂಡೆವು. ಹಾಗಾದರೆ ನಾವಿಬ್ಬರು ಯಾವ ಪಟ್ಟಿಗೆ ಸೇರಿದವರು?

ಮಾವ ಫೋನು ಕೆಳಗಿಟ್ಟು, “ನಂಟರು ಉಣ್ಣದ ಮನೆ ಮನೆಯಲ್ಲ ಕಣ್ರೋ, ಗೋಡೌನು” ಎಂದರು. “ಮುಂದಿನ ತಿಂಗಳು ಬಾವನ್ನೂ ಅವರ ಮನೆಯವರನ್ನೂ ಕರೆದು ಎಲೆ ಹಾಕಿ ಕೂರಿಸ್ತೀನಿ. ಬಡಿಸೋರು ನೀವು ಮೂರು ಜನ. ಇನ್ನೊಂದು ಸಲ ಬರ್ತೀವಿ ಅಂತ ಅವರ ಬಾಯಲ್ಲೇ ಬರ್ಬೇಕು.”

ನಮಗೆ ಅಡುಗೆ ಬರುತ್ತಿತ್ತು. ಬಡಿಸಲು ಬರುತ್ತಿರಲಿಲ್ಲ. ಪಾತ್ರೆಯನ್ನು ನಡುವೆ ಇಟ್ಟು, ಇನ್ನೂ ಬೇಕಾ ಎಂದು ಒಮ್ಮೆ ಕೇಳಿ, ಸಾಕೆಂದರೆ ಮುಚ್ಚಳ ಹಾಕುವುದು ನಮ್ಮ ಪದ್ಧತಿ.

ತರಬೇತಿ ಮೂರು ವಾರ ನಡೆಯಿತು. ಒಟ್ಟು ಹದಿನಾಲ್ಕು ಪಾಠ. ಹುಳುವಿನ ಮನೆಯ ಬಾಗಿಲಲ್ಲಿ ರೋಗ ಬರದಿರಲೆಂದು ಸುಣ್ಣದ ಪುಡಿ ಹಾಸಿರುತ್ತಾರೆ. ಅದನ್ನು ತುಳಿದೇ ಒಳಗೆ ಹೋಗಬೇಕು. ಮಾವ ಅದೇ ಪುಡಿಯನ್ನು ನಡುಮನೆಯ ಹೊಸ್ತಿಲಲ್ಲೂ ಹಾಸಿದರು. ಹುಳುವಿನ ಮನೆಯ ಥರ್ಮಾಮೀಟರು ಬಂದು ಕ್ಯಾಲೆಂಡರಿನ ಪಕ್ಕ ತೂಗಿತು.

“ಸೆಕೆ ಆದ್ರೆ ಹುಳ ಮೇವು ಬಿಡುತ್ತೆ. ನಂಟರೂ ಅಷ್ಟೇ.”

ಬಾಳೆಲೆಗೆ ಬದಲು ಹಳೆಯ ಪೇಪರು, ಪಲ್ಯಕ್ಕೆ ಬದಲು ಹಿಪ್ಪುನೇರಳೆ ಸೊಪ್ಪು, ಮುದ್ದೆಗೆ ಬದಲು ಮಂಜುವಿನ ಟೆನಿಸ್ ಬಾಲು. ಎರಡನೆಯ ಪಾಠದಲ್ಲೇ ಮಂಜು ಬಡಿಸಿದ ಮುದ್ದೆ ಪುಟಿದು ಜಗಲಿ ದಾಟಿ ಬೀದಿಗೆ ಹೋಯಿತು. ನಾಯಿ ಅದನ್ನು ಕಚ್ಚಿಕೊಂಡು ಓಡಿತು.

“ಬಡಿಸೋದು ಅಂದ್ರೆ ಬೌಲಿಂಗ್ ಅಲ್ಲ ಕಣೋ” ಎಂದರು ಮಾವ.

ನಂಟರ ಪಾತ್ರವೆಲ್ಲ ಮಾವನದೇ. ಸೋಮವಾರ ನಾಚಿಕೆಯ ನಂಟ, ಬುಧವಾರ ಸಕ್ಕರೆ ಕಾಯಿಲೆಯ ನಂಟ, ಶುಕ್ರವಾರ ಹಳೆಯ ಮುನಿಸಿನ ನಂಟ. ಮುನಿಸಿನ ನಂಟ ಎಷ್ಟು ಚೆನ್ನಾಗಿ ಬಂದನೆಂದರೆ, ಪಾಠ ಮುಗಿದು ಒಂದು ಗಂಟೆಯಾದರೂ ಮಾವ ನಮ್ಮ ಜೊತೆ ಮಾತಾಡಲಿಲ್ಲ.

ಒಂಬತ್ತನೆಯ ಪಾಠ ಮುಖ್ಯವಾದದ್ದು. “ಮೊದಲನೇ ಸಾಕು ಮರ್ಯಾದೆಗೆ. ಎರಡನೇದು ನಾಚಿಕೆಗೆ. ಮೂರನೇದು ಮಾತ್ರ ಹೊಟ್ಟೇದು. ಅದು ಬರೋವರ್ಗೂ ಕೈ ಹಿಂದೆ ತಗೋಬಾರ್ದು. ಹುಳ ಬಾಯಿಬಿಟ್ಟು ಕೇಳುತ್ತಾ? ನಾವೇ ನೋಡಿ ಹಾಕ್ಬೇಕು.”

“ಹುಳ ಸಾಕು ಅಂತಾನೂ ಹೇಳಲ್ಲವಲ್ಲಪ್ಪಾ” ಎಂದ ಮಂಜು.

“ಅದಕ್ಕೇ ಅದು ನೂಲು ಬಿಡುತ್ತೆ. ನೀನು ಬರೀ ಮಾತು ಬಿಡ್ತೀಯ.”

ನಾನು ನೋಟುಬುಕ್ಕಿನಲ್ಲಿ ಉಣ್ಣುವವರ ಹೆಸರು ಬರೆದು, ಒಬ್ಬೊಬ್ಬರ ಮುಂದೆ ಮೂರು ಮೂರು ಚೌಕ ಎಳೆದೆ.

ಭಾನುವಾರ ಮಧ್ಯಾಹ್ನ ದೊಡ್ಡಮಾವ, ದೊಡ್ಡತ್ತೆ ಬಂದರು. ಹೊಸ್ತಿಲ ಸುಣ್ಣವನ್ನು ಗುಡಿಸುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಕಾಲು ತೊಳೆದು ಬಂದ ದೊಡ್ಡಮಾವ ಒದ್ದೆ ಪಾದವನ್ನು ನೇರ ಅದರಲ್ಲೇ ಇಟ್ಟು, ಪಾದ ನೋಡಿಕೊಂಡು ಅಲ್ಲೇ ನಿಂತುಬಿಟ್ಟರು. ಮಾವನ ಮುಖ ಸುಣ್ಣಕ್ಕಿಂತ ಬಿಳುಪಾಯಿತು. ಮೂರು ವಾರದ ಶ್ರಮ ಹೊಸ್ತಿಲಲ್ಲೇ ಮುಗಿಯಿತೇ?

“ಏಂದಿ ಬಾವಾ, ನಾವು ಎಷ್ಟನೇ ಜ್ವರದ ಹುಳಗಳು?” ಎಂದರು ದೊಡ್ಡಮಾವ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಅವರೂ ಹಳೆಯ ರೇಷ್ಮೆಯವರೇ ಎಂಬುದನ್ನು ನಾವು ಮರೆತಿದ್ದೆವು.

ಮುದ್ದೆ, ಅವರೆಕಾಳಿನ ಸಾರು, ಕೋಸಂಬರಿ, ಒಬ್ಬಟ್ಟು. ಮಂಜುವಿನ ಮುದ್ದೆ ಪುಟಿಯಲಿಲ್ಲ. ಕಾವ್ಯ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಳು. ದೊಡ್ಡಮಾವ ಸಾಕೆಂದರು, ನಾನು ಒಂದು ಚೌಕ ತುಂಬಿದೆ, ಅವಳು ಒಬ್ಬಟ್ಟು ಹಾಕಿದಳು. ಸಾಕಮ್ಮಾ ಎಂದರು, ಅರ್ಧ ಹಾಕಿದಳು. ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, “ನಿಜಂಗಾ ಸಾಕು ತಾಯಿ” ಎಂದಾಗ, “ಮೂರಾಯ್ತು” ಎಂದು ತಟ್ಟೆ ಹಿಂದಕ್ಕೆ ತೆಗೆದುಕೊಂಡಳು.

ದೊಡ್ಡತ್ತೆ ನಗುತ್ತಾ ಇದ್ದವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಈ ಮೂರು ಸಾಕಿನ ಲೆಕ್ಕ ನಮ್ಮ ನಾದಿನೀದು, ನಿಮ್ಮಮ್ಮಂದು ಕಣೇ. ಇದನ್ನ ಯಾರೇ ಹೇಳಿಕೊಟ್ಟಿದ್ದು ನಿಂಗೆ?”

ಕಾವ್ಯ ಅಪ್ಪನ ಕಡೆ ನೋಡಿದಳು. ಮಾವ ಥರ್ಮಾಮೀಟರು ನೋಡುತ್ತಿದ್ದರು.

ಎಲೆಯಡಿಕೆ ಹಾಕಿಕೊಳ್ಳುತ್ತಾ ದೊಡ್ಡಮಾವ, “ಸಂಕ್ರಾಂತಿ ಆದ್ಮೇಲೆ ನಾಟಿಕೋಳಿ ಮಾಡ್ರಪ್ಪ, ಬರ್ತೀವಿ. ಕಾಲಿಗೆ ಸುಣ್ಣ ಬೇಡ, ಎಲೆಗೆ ಹಚ್ಕೊಳ್ಳೋಕೆ ಸಾಕು” ಎಂದರು. ಅಷ್ಟಕ್ಕೇ ಮಾವ ಗೆದ್ದಿದ್ದರು.

ನಂಟರು ಜಗಲಿಗೆ ಹೋದ ಮೇಲೆ ಮಾವನಿಗೂ ಒಂದು ಎಲೆ ಹಾಕಿದೆವು. ಒಂದು ಮುದ್ದೆ ಮುಗಿಯಿತು. ಮಂಜು ಇನ್ನೊಂದನ್ನು ತಂದ.

“ಸಾಕು ಕಣೋ.”

ಮಂಜು ಅಭ್ಯಾಸಬಲದಿಂದ ಹಿಂದೆ ಸರಿದ. ಕಾವ್ಯ ಅವನ ಕೈಯಿಂದ ಮುದ್ದೆ ತೆಗೆದು ಎಲೆಯ ಮೇಲಿಟ್ಟಳು. “ಒಂದೇ ಸಲ ಹೇಳಿದ್ದು ಅಪ್ಪ.”

“ಸಾಕು ಅಂದ್ನಲ್ಲೇ.”

“ಎರಡು” ಎಂದು ಸಾರು ಬಿಟ್ಟಳು.

ಮಾವ ಅವಳನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ಆ ಮುದ್ದೆಯನ್ನೂ ಪೂರ್ತಿ ಉಂಡರು. ಎರಡು ವರ್ಷದಿಂದ ದಿನವೂ ಅವರು ಒಂದೇ ಸಲ ಸಾಕು ಎನ್ನುತ್ತಿದ್ದರು, ನಾವು ಮುಚ್ಚಳ ಹಾಕುತ್ತಿದ್ದೆವು. ಎಲ್ಲವನ್ನೂ ಎಣಿಸುವ ನಾನು ಅದನ್ನು ಎಣಿಸಿರಲಿಲ್ಲ.

ನೋಟುಬುಕ್ಕಿನಲ್ಲಿ ಮಾವನ ಹೆಸರಿನ ಮುಂದೆ ಎರಡು ಚೌಕ ತುಂಬಿ, ಮೂರನೆಯದಕ್ಕಾಗಿ ಪೆನ್ನು ಹಿಡಿದು ಕಾದೆ. ಮಾವ ಎಲೆಯಿಂದ ಕಣ್ಣೆತ್ತದೆ ಕೇಳಿದರು: “ಸಾರು ಇನ್ನೂ ಸ್ವಲ್ಪ ಇದೆಯೇನಮ್ಮಾ?”