ಬೀಗರ ಊರಿಗೆ ಹೊತ್ತ ರಾಗಿ ಹಿಟ್ಟು

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಏನೂ ನಡೆಯುವುದಿಲ್ಲ ಎಂದು ತಿಳಿದಿದ್ದೆ. ನಡೆಯುತ್ತಲೇ ಇರುತ್ತದೆ. ನಾವು ತಡವಾಗಿ ನಗುತ್ತೇವೆ, ಅಷ್ಟೆ.

೧. ಊರಿಗಾಂ

ಅದೊಂದು ಸಾಮಾನ್ಯ ಸೋಮವಾರ. ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡು ಶಾಲೆಯಿಂದ ಮನೆಗೆ ಬಂದೆ. ಜಗಲಿಯ ಮೇಲೆ ಚಾಂಪಿಯನ್ ರೀಫ್ಸ್ ಗಣಿ ಆಸ್ಪತ್ರೆಯ ಕಂಪೌಂಡರು ಕೂತಿದ್ದರು. ಅವರ ನೆಂಟರು ಬಂಗಾರಪೇಟೆ ಬಿಟ್ಟು ಹೋಗಿ ಕೊಲಂಬೊದಲ್ಲಿ ಅಕ್ಕಿ ಮಂಡಿ ಇಟ್ಟವರು. ತಮ್ಮ ಮಗನಿಗೆ ನನ್ನ ಒಬ್ಬಳೇ ಮಗಳನ್ನು ಕೇಳಿದ್ದರು. ಹುಡುಗ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದಾಗ ಅವಳನ್ನು ನೋಡಿದ್ದನಂತೆ.

ಹೆಂಡತಿ ತೀರಿಕೊಂಡು ಆಗತಾನೆ ವರ್ಷ ತುಂಬಿತ್ತು. ಮಗಳನ್ನು ಕಡಲಾಚೆ ಕಳಿಸುವುದೋ ಬೇಡವೋ ಎಂದು ನನಗೆ ತೋಚಲಿಲ್ಲ. ಹುಡುಗ ಹೇಗಿದ್ದಾನೋ ನೋಡಿ ಬರುತ್ತೇನೆ ಎಂದೆ.

"ಹುಡುಗನ್ನ ನಾನು ನೋಡಿದೀನಪ್ಪ. ನೀನು ಅವರಮ್ಮನ್ನ ನೋಡ್ಕಂಡು ಬಾ," ಎಂದಳು ಮಗಳು.

೨. ಧನುಷ್ಕೋಡಿ

ಹೆಂಡತಿಯಿಲ್ಲದವನು ಮುಂದೆ ನಿಂತು ಮದುವೆಯ ಮಾತೆತ್ತಬಾರದು. ಆದ್ದರಿಂದ ಮಗಳ ಸೋದರಮಾವ ನನ್ನ ಜೊತೆ ಹೊರಟ. ಬಂಗಾರಪೇಟೆ ಪಕ್ಕದ ಹಳ್ಳಿಯ ಬೇಸಾಯಗಾರ. ಅವಳನ್ನು ತನ್ನ ಮಗನಿಗೇ ತಂದುಕೊಳ್ಳಬೇಕೆಂದಿದ್ದವನು. ನಮ್ಮ ಕಡೆ ಸಂಬಂಧ ಒಪ್ಪುವವರೆಗೆ ಗಂಡಿನ ಮನೆಯ ಅನ್ನ ನೀರು ಮುಟ್ಟುವುದಿಲ್ಲ. ಉಂಡರೆ ಒಪ್ಪಿದ ಹಾಗೆ. ಅವನು ಒಂದು ಚೀಲ ರಾಗಿ ಹಿಟ್ಟನ್ನೂ ಒಂದು ಪಾತ್ರೆಯನ್ನೂ ಹೊತ್ತುಕೊಂಡೇ ರೈಲು ಹತ್ತಿದ.

ಹಡಗು ಹತ್ತುವ ಮುಂಚೆ ಸುಂಕದವರು ಊರು ಕೇಳಿದರು. ಕೋಲಾರದ ಚಿನ್ನದ ಗಣಿ ಎಂದೆ. ತಕ್ಷಣ ಚೀಲ ಬಿಚ್ಚಿಸಿ ಮೊಣಕೈವರೆಗೆ ಹಿಟ್ಟಿನಲ್ಲಿ ಕೈಯಿಳಿಸಿ ತಡಕಿದರು. ಆಮೇಲೆ ಜರಡಿ ತರಿಸಿದರು.

ಸೋದರಮಾವ ತಾಳ್ಮೆಯಿಂದ ನೋಡುತ್ತ ನಿಂತಿದ್ದ. ಕೊನೆಗೆ, "ಚಿನ್ನ ಸಿಕ್ಕಿದ್ರೆ ನಮಗೂ ಏಳಿ ಸಾಮಿ. ಅಲ್ಲೇ ಉಟ್ಟಿ ಬೆಳೆದ್ರೂ ನಾವಿನ್ನೂ ಕಂಡಿಲ್ಲ," ಎಂದ.

೩. ಕಡಲು

ಅವನು ಕಡಲು ಕಂಡದ್ದು ಅದೇ ಮೊದಲು. ಕೆರೆಯ ನೀರು ಹಾಯಿಸಿ ಬದುಕಿದವನು. ಕಟಕಟೆ ಹಿಡಿದು ಬಹಳ ಹೊತ್ತು ಸುತ್ತಲೂ ಹುಡುಕಿದ.

"ಏರಿ ಎಲ್ಲೈತೆ, ಭಾವ?"

"ಇದಕ್ಕೆ ಏರಿ ಇಲ್ಲ."

"ತೂಬು?"

"ಅದೂ ಇಲ್ಲ."

"ಏರಿ ಇಲ್ಲ, ತೂಬಿಲ್ಲ. ಇಂಥಾ ನೀರು ನಂಬ್ಕಂಡು ಎಣ್ಣು ಕೊಡ್ತೀಯಾ?" ಎಂದ. ಅಷ್ಟರಲ್ಲಿ ಹಡಗು ಓಲಾಡಿತು. ಆಮೇಲೆ ದಡ ಮುಟ್ಟುವವರೆಗೂ ಅವನು ಬಾಯಿ ತೆರೆದದ್ದು ವಾಂತಿಗೆ ಮಾತ್ರ.

೪. ಕೊಲಂಬೊ

ಗಂಡಿನ ತಂದೆ ತಂಬಿಗೆಯಲ್ಲಿ ನೀರು ಕೊಟ್ಟರು. ಸೋದರಮಾವ ಕಾಲು ತೊಳೆದುಕೊಂಡ, ಕುಡಿಯಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿದ; ಬೀದಿಯ ನಲ್ಲಿಯಿಂದ ನೀರು ತಂದು ಎಸರಿಟ್ಟ. ಊರಿನಲ್ಲಿ ಎಂದೂ ಒಲೆಯ ಮುಂದೆ ಕೂತವನಲ್ಲ. ಹಿಟ್ಟು ಸುರಿದು ಸೌದೆಕಡ್ಡಿಯಲ್ಲಿ ತಿರುವಿದ. ಗಂಟು ಗಂಟಾಯಿತು.

ಗಂಡಿನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ತಡೆಯಲಾರದೆ ಮುದ್ದೆ ಕೋಲು ಹಿಡಿದು ಬಂದರು.

"ಬುಡಣ್ಣ. ಆ ರಾಗಿ ನಿನಗೇನ್ ಮಾಡಿತ್ತು?"

"ನಿಮ್ಮನೇದು ನಾನು ಮುಟ್ಟಲ್ಲಮ್ಮ."

"ಮುಟ್ಟಬ್ಯಾಡ. ರಾಗಿ ನಿಂದು, ನೀರು ಬೀದೀದು. ನಂದು ಬರೀ ಕೈ. ಕೈ ತಿನ್ನಬ್ಯಾಡ, ಆಯ್ತಾ?"

ಕೂತು, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು ತಿರುವಿದರು. ಗಂಟುಗಳು ಒಂದೊಂದಾಗಿ ಕರಗಿದವು. ಅಂಥ ಮುದ್ದೆ ನೋಡಿ ನನಗೆ ವರ್ಷವಾಗಿತ್ತು.

"ಮಗೂಗೆ ಅಡುಗೆ ಬತ್ತದಾ?" ಎಂದು ನನ್ನನ್ನು ಕೇಳಿದರು.

"ಕಲೀತಿದ್ದಾಳೆ. ಹೇಳಿಕೊಡೋರು ಇಲ್ಲ."

"ಅಂಗಾದ್ರೆ ಇಲ್ಲಿ ಕಲ್ತ್ಕತಾಳೆ ಬುಡಿ," ಎಂದು ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದರು.

ನನಗೆ ಬೇರೇನೂ ನೋಡಬೇಕಾಗಿರಲಿಲ್ಲ. ಆದರೆ ಮಾತು ಕೊಡಬೇಕಾದವನು ಸೋದರಮಾವ. ಅವನು ಒಂದು ಮುದ್ದೆ ನುಂಗಿದ. ಇನ್ನೊಂದನ್ನೂ ನುಂಗಿದ. ಕೈ ತೊಳೆದು ಬಂದು ಗಂಭೀರವಾಗಿ ಕೂತ.

"ನೋಡಿ, ಉಂಡ ಅಂತ ಒಪ್ಪಿದ ಅಂದ್ಕಬ್ಯಾಡಿ. ಈ ಮನೇದು ಏನೂ ನನ್ ಒಟ್ಟೆಗೆ ಓಗಿಲ್ಲ."

ಗಂಡಿನ ತಂದೆ ಅವನ ಎಲೆಯ ಕಡೆ ನೋಡಿದರು. ನಾನೂ ನೋಡಿದೆ. ಕೊನೆಗೆ ಅವನೂ ನೋಡಿದ.

ಮುದ್ದೆ ಅದ್ದಿಕೊಂಡ ಸಾರು ಅವರ ಮನೆಯದು.